ಕೊಂಡಿಯ ಮೇಲೆ ಇಟ್ಟ ಗುಲಾಬಿ

ನನ್ನ ಮುಖ ನೋಡಬೇಕಾದರೆ ಡ್ರಾಯಿಂಗ್ ಅಕ್ಕೋರು ನನ್ನ ಕಿವಿಯ ಕಡೆ ನೋಡುತ್ತಿದ್ದರು. ಕತ್ತು ಎಡಕ್ಕೆ ವಾಲಿಸಿ, ಗದ್ದ ಸ್ವಲ್ಪ ಮೇಲೆತ್ತಿ, ನನ್ನ ಪಕ್ಕದಲ್ಲಿ ಇನ್ನಾರೋ ನಿಂತಿದ್ದಾರೆ ಎಂಬಂತೆ. ಹೊಸಬರಾದರೆ ಗಾಬರಿಯಿಂದ ಹಿಂದೆ ತಿರುಗಿ ನೋಡಿಕೊಳ್ಳುತ್ತಿದ್ದರು. ಅಕ್ಕೋರ ದೃಷ್ಟಿಯ ನಟ್ಟನಡುವೆ ಕಪ್ಪು ಕಲೆಯೊಂದು ಕೂತುಬಿಟ್ಟಿತ್ತು. ಸುತ್ತಲಿನ ಅಂಚಿನಲ್ಲಿ ಮಾತ್ರ ಒಂದಿಷ್ಟು ಬೆಳಕು ಉಳಿದಿತ್ತು. ಆ ಅಂಚನ್ನೇ ನಂಬಿಕೊಂಡು ಅವರು ಇಳಕಲ್ ಬಸ್ ನಿಲ್ದಾಣದ ಹಿಂದಿನ ನಮ್ಮ ಬೇಕರಿಗೆ ದಿನಾ ನಡೆದು ಬರುತ್ತಿದ್ದರು. ಖಾರಿ ಬಿಸ್ಕತ್ತಿನ ಬಣ್ಣ ಒಂಚೂರು ಮಂಕಾಗಿದ್ದರೂ ಮುಟ್ಟುತ್ತಿರಲಿಲ್ಲ.

ಹೈಸ್ಕೂಲಿನಲ್ಲಿ ನನಗೆ ಚಿತ್ರಕಲೆ ಕಲಿಸಿದವರು ಅವರೇ. ಹಣೆಗೆ ಮೂರು ಬೆರಳಿನ ವಿಭೂತಿ, ಗಂಜಿ ಹಾಕಿದ ಹತ್ತಿ ಸೀರೆ, ಕಂಕುಳಲ್ಲಿ ಸುತ್ತಿದ ಕಾಗದ. ಎರಡು ಚೂಪು ಗುಡ್ಡ, ನಡುವೆ ಸೂರ್ಯ, ಕೆಳಗೊಂದು ಗುಡಿಸಲು: ಎಲ್ಲ ಮಕ್ಕಳೂ ಬರೆಯುವ ಆ ಚಿತ್ರವನ್ನು ನಾನೂ ಬರೆದು ತೋರಿಸಿದ್ದೆ.

"ಈ ಗುಡ್ಡ ಯಾವೂರಿಂದವಾ? ಬಾದಾಮಿ ಗುಡ್ಡ ಹಿಂಗ ಚೂಪ್ ಐತೇನು? ಕಣ್ಣ ಮುಂದಿಂದು ಬಿಟ್ಟು ಕ್ಯಾಲೆಂಡರಿಂದು ಬರೀತಿಯಲ್ಲ!" ಎಂದು ಪುಟ ಹರಿದು ನನ್ನ ಕೈಗೇ ಕೊಟ್ಟಿದ್ದರು. ನಾನು ಒಂದು ವಾರ ಅವರ ಮುಖ ನೋಡಲಿಲ್ಲ. ಸಿಟ್ಟು ನಮ್ಮ ಮನೆತನದ ಆಸ್ತಿ. ಅಪ್ಪನಿಂದ ನನಗೆ ಭಟ್ಟಿಯ ಜೊತೆಗೆ ಅದೂ ಬಂದಿದೆ.

ನಾನು ಬೇಕರಿಯನ್ನು ವಹಿಸಿಕೊಂಡು, ಬನ್ನು ಟೋಸ್ಟುಗಳ ಪಕ್ಕದಲ್ಲಿ ಕೇಕು ಮಾಡಿ ಇಡಲು ಶುರುಮಾಡುವ ಹೊತ್ತಿಗೆ ಅಕ್ಕೋರು ನಿವೃತ್ತರಾಗಿದ್ದರು. ಒಂದು ದಿನ ಬಾಗಲಕೋಟೆಯ ಕಣ್ಣಿನ ಡಾಕ್ಟರರ ಬಳಿ ಹೋಗಿದ್ದವರು ಬಸ್ಸಿಳಿದು ಸೀದಾ ನಮ್ಮ ಅಂಗಡಿಗೆ ಬಂದರು. ಉಳಿದ ಬೆಳಕೂ ಹೆಚ್ಚು ದಿನ ಇರುವುದಿಲ್ಲ ಎಂದು ಡಾಕ್ಟರು ಹೇಳಿದ್ದರಂತೆ. ಅದನ್ನು ಅವರು ಹೇಳಿದ್ದು ಬಸ್ಸು ತಡವಾಯಿತು ಎನ್ನುವ ದನಿಯಲ್ಲಿ. ಆಮೇಲೆ ಚಹಾದಲ್ಲಿ ಖಾರಿ ಅದ್ದಿ, "ಒಂದು ಸಣ್ಣ ಸಿನಿಮಾ ಮಾಡಬೇಕು. ಐದ ಮಿನಿಟಿಂದು. ಕಣ್ಣು ಪೂರಾ ಹೋಗೂದ್ರೊಳಗ ಮುಗೀಬೇಕು" ಎಂದರು.

"ಯಾತರದ್ರಿ ಅಕ್ಕೋರ?"

"ಇನ್ನಾ ಗೊತ್ತಿಲ್ಲ. ಹುಡುಕಾಕತ್ತೇನಿ."

ಪಾಪ, ದುಃಖಕ್ಕೆ ಏನೋ ಆಡುತ್ತಿದ್ದಾರೆ ಎಂದುಕೊಂಡೆ. ಅವರು ಆಡುವವರಲ್ಲ ಎಂಬುದು ನನಗೆ ಗೊತ್ತಿರಬೇಕಿತ್ತು.

ಅದೇ ತಿಂಗಳು ಹುನಗುಂದದ ಒಂದು ಮನೆಯವರು, ಚೊಚ್ಚಲ ಬಸುರಿ ಮಗಳ ಕುಬಸಕ್ಕೆ ಇಳಕಲ್ ಸೀರೆಯಂಥ ಕೇಕು ಬೇಕು ಎಂದು ಕೇಳಿದ್ದರು. ನಾನು ಮುಂಜಾನೆಯಿಂದ ಕ್ರೀಮಿನ ಕೋನು ಹಿಡಿದು ಕೂತೆ. ಕೇಕಿನ ಸುತ್ತ ಸೆರಗಿನ ಕೆಂಪು, ಆ ಕೆಂಪಿನೊಳಗೆ ಹಲ್ಲುಹಲ್ಲಾಗಿ ಬಿಳಿ ತೆನೆಗಳ ಸಾಲು. ಚೆನ್ನಾಗಿಯೇ ಬಂತು. ಆದರೆ ಸುತ್ತು ಮುಗಿದು ಹೊರಟ ಜಾಗಕ್ಕೆ ಮರಳಿ ಬಂದಾಗ ಅರ್ಧ ತೆನೆಯಷ್ಟು ಜಾಗ ಉಳಿಯಿತು. ಅಲ್ಲೊಂದು ಸಕ್ಕರೆ ಗುಲಾಬಿ ಅಂಟಿಸಿಬಿಟ್ಟೆ. ಪೇಟೆಯಿಂದ ತಂದ ಅಂಥ ಗುಲಾಬಿಗಳು ನನ್ನ ಬಳಿ ಡಬ್ಬಿಗಟ್ಟಲೆ ಇದ್ದವು. ನನ್ನ ಕೇಕಿನಲ್ಲಿ ಎಷ್ಟು ಗುಲಾಬಿಯೋ ಅಷ್ಟು ತಪ್ಪು ಎಂದು ತಿಳಿಯಬೇಕು.

ಮಧ್ಯಾಹ್ನ ಬಂದ ಅಕ್ಕೋರು ಕೇಕಿನ ಮುಂದೆ ನಿಂತು, ಎಂದಿನಂತೆ ಕತ್ತು ವಾಲಿಸಿ ಗೋಡೆ ನೋಡಿದರು. ನೋಡನೋಡುತ್ತ ತೋರುಬೆರಳಿನಿಂದ ಗುಲಾಬಿಯನ್ನು ಪಟ್ಟನೆ ಹಾರಿಸಿದರು.

"ಇದರ ಕೆಳಗ ಏನ್ ಮುಚ್ಚೀದಿ?"

"ಸಂಜಿಗೆ ಒಯ್ಯಾಕ ಬರ್ತಾರ್ರಿ ಅಕ್ಕೋರ! ಕಣ್ಣ ಕಾಣಂಗಿಲ್ಲಂದ ಮ್ಯಾಲ ಯಾಕ ಮುಟ್ತೀರಿ?" ಎಂದು ಚೀರಿಬಿಟ್ಟೆ.

ಗಲ್ಲಾಪೆಟ್ಟಿಗೆಯ ಹಿಂದಿದ್ದ ಅಪ್ಪ ಪೇಪರು ಕೆಳಗಿಟ್ಟರು. ಅಪ್ಪನಿಗೇ ನಾಚಿಕೆಯಾಗುವಂಥ ಮಾತು ಆಡಿದೆ ಎಂದರೆ ಅದು ಎಂಥ ಮಾತೆಂದು ಲೆಕ್ಕ ಹಾಕಿಕೊಳ್ಳಿ. ನೆನೆದರೆ ಇವತ್ತಿಗೂ ನನ್ನ ಕಿವಿ ಬಿಸಿಯಾಗುತ್ತದೆ. ಅಕ್ಕೋರು ಮಾತ್ರ ಬೆರಳಿಗೆ ಅಂಟಿದ ಕ್ರೀಮು ನೆಕ್ಕಿ, "ನಡುವಿಂದು ಕಾಣಂಗಿಲ್ಲವಾ, ಅಂಚಿಂದು ಕಾಣತೈತಿ. ನಿನ್ನ ತಪ್ಪು ಅಂಚಿನಾಗ ಐತಿ. ಚಪ್ಪಲಿ ಮೆಟ್ಟು, ನಡಿ" ಎಂದರು.

ಎರಡು ಓಣಿ ದಾಟಿ ಒಬ್ಬ ನೇಕಾರ ಅಜ್ಜಿಯ ಮನೆಗೆ ಕರೆದೊಯ್ದರು. ಅಜ್ಜಿಯ ಮಗ ಮಗ್ಗದಲ್ಲಿ ಕೂತಿದ್ದ. ಅಜ್ಜಿ ಪಡಸಾಲೆಯಲ್ಲಿ ಕೊಂಡಿ ಹಾಕುತ್ತಿದ್ದಳು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸಿನ ಎಳೆ ಬೇರೆ, ಸೆರಗಿನ ಹಾಸಿನ ಎಳೆ ಬೇರೆ. ಎರಡನ್ನೂ ಎಳೆಗೆ ಎಳೆ ಸಿಕ್ಕಿಸಿ ಕೂಡಿಸಬೇಕು, ಅದೇ ಕೊಂಡಿ, ಆಮೇಲೆ ನೇಯಬೇಕು. ಹುಟ್ಟಿದಾಗಿನಿಂದ ಈ ಊರಲ್ಲಿದ್ದೇನೆ, ಹತ್ತಾರು ಸೀರೆ ಉಟ್ಟಿದ್ದೇನೆ, ಆ ಕೆಲಸವನ್ನು ಕೂತು ನೋಡಿದ್ದು ಅಂದೇ ಮೊದಲು. ಅಜ್ಜಿಯ ಬೆರಳು ಒಂದು ಕುಣಿಕೆಯನ್ನು ಹಿಡಿದು ಇನ್ನೊಂದಕ್ಕೆ ತೂರಿಸಿ ಮುಂದಕ್ಕೆ ಹೋಗುತ್ತಿತ್ತು.

"ಯವ್ವಾ, ಈ ಜೋಡು ಕಾಣಬಾರದಂತ ಯಾವಾಗರ ಮುಚ್ಚೀಯೇನು?" ಎಂದು ಅಕ್ಕೋರು ಕೇಳಿದರು.

ಅಜ್ಜಿ ನಕ್ಕಳು. "ಮುಚ್ಚಿದ್ರ ಇದು ಇಳಕಲ್ ಸೀರಿ ಅಂತ ಯಾರಿಗೆ ಗೊತ್ತಾಗಬೇಕ್ರಿ? ಕೊಳ್ಳಾಕ ಬಂದಾಕಿ ಮೊದಲ ತಿರುವಿ ನೋಡೂದ ಇದನ್ನ."

ಅಕ್ಕೋರು ನನ್ನ ಕಿವಿಯ ಕಡೆ ತಿರುಗಿದರು, ಅಂದರೆ ನನ್ನ ಮುಖ ನೋಡಿದರು. ನಾನು ಓಡುತ್ತ ಅಂಗಡಿಗೆ ಬಂದು, ಆ ಅರ್ಧ ತೆನೆಯ ಜಾಗದಲ್ಲಿ ಬಿಳಿಯ ಕುಣಿಕೆಗೆ ಕೆಂಪು ಕುಣಿಕೆ ಸಿಕ್ಕಿಸಿದಂತೆ ಒಂದು ಸಾಲು ಎಳೆದೆ. ಸಂಜೆ ಕೇಕು ಒಯ್ಯಲು ಬಂದ ಬಸುರಿಯ ತಾಯಿ ಡಬ್ಬಿ ತೆಗೆದು ನೋಡಿದವರೇ, "ಅಯ್ಯ, ಕೊಂಡಿ ಹಾಕ್ಯಾಳ ನೋಡ್ರಿ!" ಎಂದು ಜೀಪಿನಲ್ಲಿದ್ದವರನ್ನೆಲ್ಲ ಇಳಿಸಿ ತೋರಿಸಿದರು. ನನಗೆ ಕುಣಿಯಬೇಕು ಎನಿಸಿತು.

"ನಂಗೂ ಸಿಕ್ತು" ಎಂದರು, ನನ್ನ ಹಿಂದೆಯೇ ಬಂದು ಅಂಗಡಿಯಲ್ಲಿ ಕೂತಿದ್ದ ಅಕ್ಕೋರು. "ಸಿನಿಮಾ. ನಮ್ಮ ಕಡಿ ಮಂದಿ ಎಲ್ಲೆಲ್ಲಿ ಏನೇನ್ ಕೂಡಸ್ತಾರ, ಅದ ಸಿನಿಮಾ. ಫೋನ್ ನೀ ಹಿಡಿ. ಕೋನ್ ಹಿಡದ ಕೈ, ನಡಗಂಗಿಲ್ಲ."

ಆ ಚಳಿಗಾಲವಿಡೀ ಭಟ್ಟಿಯ ಕೆಲಸ ಮುಗಿದ ಮೇಲೆ ನನ್ನ ಮಧ್ಯಾಹ್ನಗಳೆಲ್ಲ ಅವರವಾದವು. ಫೋನಿನಲ್ಲಿ ಅಜ್ಜಿಯ ಬೆರಳಿನ ವಿಡಿಯೋ ತೆಗೆದೆವು. ಗುಡೂರಿನ ಹೊಲದಿಂದ ಬಂದ ಸೇವಂತಿಗೆಯನ್ನು ಸಂತೆಯಲ್ಲಿ ಮಾಲೆ ಕಟ್ಟುವವಳ ಗಂಟು ತೆಗೆದೆವು. ನನ್ನ ಅವ್ವ ಕರ್ಚಿಕಾಯಿಯ ಅಂಚು ಮಡಿಚಿ ಮಡಿಚಿ ಒತ್ತುವುದನ್ನು ತೆಗೆದೆವು. ಬಾದಾಮಿಗೆ ಹೋದಾಗ ಕೆರೆಯ ದಂಡೆಯ ಗುಡಿಯಲ್ಲಿ, ಸೂರಿನ ಹಾಸುಗಲ್ಲುಗಳು ಕೂಡುವ ಗೆರೆ ನೋಡಬೇಕೆಂದು ಅಕ್ಕೋರು ನೆಲದ ಮೇಲೆ ಅಂಗಾತ ಮಲಗಿಬಿಟ್ಟರು. ಕಾವಲುಗಾರ ಸೀಟಿ ಊದುತ್ತ ಓಡಿ ಬಂದ.

"ಏನಾತ್ರಿ ಅಮ್ಮಾರ, ಚಕ್ಕರ್ ಬಂತೇನು?"

"ಇಲ್ಲಪಾ. ಕೆಲಸ ನಡದೈತಿ" ಎಂದು ಮಲಗಿಯೇ ಉತ್ತರಿಸಿದರು.

ಬರುವಾಗ ಅಮೀನಗಡದಲ್ಲಿ ಬಸ್ಸು ನಿಂತರೆ ಕರದಂಟು ಕೊಳ್ಳಲೇಬೇಕು. ತುಂಡನ್ನು ಕಣ್ಣಿನ ಪಕ್ಕಕ್ಕೆ ಹಿಡಿದು, "ನೋಡು, ಅಂಟು ಹಾಕಿ ಕೂಡಿಸ್ಯಾರ, ಆದ್ರ ಉತ್ತತ್ತಿ ಉತ್ತತ್ತಿನ ಐತಿ" ಎಂದು ಪಾಠ ಹೇಳುತ್ತಲೇ ಇಡೀ ತುಂಡು ತಾವೇ ಮುಗಿಸುತ್ತಿದ್ದರು. ನನಗೆ ಪಾಠವಷ್ಟೇ ಉಳಿಯುತ್ತಿತ್ತು.

ಶೂಟಿಂಗು ಮುಗಿಯುವ ಹೊತ್ತಿಗೆ ಅಂಚಿನ ಬೆಳಕೂ ಹೋಯಿತು. ಒಂದು ದಿನ ಅವರು ಬೇಕರಿಯ ಬಾಗಿಲಲ್ಲಿ ನಿಂತು, "ಮೆಟ್ಟಲಾ ಎಲ್ಲೈತವಾ?" ಎಂದು ಕೇಳಿದರು. ನಾನು ಕೈ ಹಿಡಿದು ಒಳಗೆ ತಂದೆ. ಇನ್ನು ಬಿಟ್ಟುಬಿಡುತ್ತಾರೆ ಎಂದುಕೊಂಡೆ. ಕೂತವರೇ, "ಕೂಡಿಸಿದ್ದು ಎಲ್ಲಿಗೆ ಬಂತು?" ಎಂದರು.

ನಾನು ಫೋನಿನಲ್ಲೇ ಜೋಡಿಸಿ ಮುಗಿಸಿದ್ದೆ. ಒಂದು ದೃಶ್ಯ ಹೋಗಿ ಇನ್ನೊಂದು ಬರುವಲ್ಲೆಲ್ಲ ಚಂದ ಕಾಣಲೆಂದು ಪುಟ ತಿರುವಿದಂತೆ, ಹೂಮಳೆ ಸುರಿದಂತೆ ಏನೇನೋ ಹಾಕಿದ್ದೆ. ಹಾಕಿದ್ದನ್ನು ಹೆಮ್ಮೆಯಿಂದ ವರ್ಣಿಸಿಯೂ ಹೇಳಿದೆ.

"ಮತ್ತ ಗುಲಾಬಿ ಇಟ್ಟಿಯಲ್ಲ!" ಎಂದರು.

ಎಲ್ಲವನ್ನೂ ತೆಗೆಸಿದರು. ಮುಂದಿನ ಹದಿನೈದು ದಿನ ಅವರು ಕಿವಿಯಿಂದ ಕೆಲಸ ಮಾಡಿದರು. ಲಾಳಿಯ ಸದ್ದು, ಮಾಲೆಯವಳ ಕತ್ತರಿಯ ಸದ್ದು, ಅವ್ವನ ಬಳೆಯ ಸದ್ದು ಕೇಳುತ್ತ, ಎಲ್ಲಿ ಕಡಿಯಬೇಕೋ ಅಲ್ಲಿ ಟೇಬಲ್ಲಿಗೆ ಉಗುರಿನಿಂದ ಟಕ್ ಎಂದು ಬಡಿಯುತ್ತಿದ್ದರು. ನಾನು ಅಲ್ಲಿ ಕಡಿಯಬೇಕು. ಅರ್ಧ ಕ್ಷಣ ಆಚೀಚೆಯಾದರೂ ಇನ್ನೊಮ್ಮೆ. ನನ್ನ ಆಸ್ತಿಯಾದ ಸಿಟ್ಟು ಖರ್ಚಾಗಿ ಹೋಯಿತು, ಅವರ ಹಟ ಮಾತ್ರ ಹಾಗೇ ಇತ್ತು.

ಕೊನೆಗೊಂದು ದಿನ ಪೂರಾ ಕೇಳಿ, "ಅಜ್ಜಿ ಕೈಯಾಗ ಎಳಿ ಹರದಿತ್ತಲ್ಲ, 'ಹಾಳಾದ್ದು' ಅಂತ ಬೈದಿದ್ಲಲ್ಲ, ಅದೆಲ್ಲಿ?" ಎಂದು ಕೇಳಿದರು.

"ತಗದೇನ್ರಿ. ತಪ್ಪಾಗಿತ್ತಲ್ರಿ ಅದು."

"ಹರದದ್ದನ್ನ ಕಟ್ಟಿ ಮುಂದ ಹೋದ್ಲಲ್ಲ, ಅದು ತಪ್ಪೇನು? ಹಾಕು."

ಹಾಕಿದೆ.

ನಾನು ಓದಿದ, ಅವರು ಕಲಿಸಿದ ಶಾಲೆಯ ಹಾಲಿನಲ್ಲಿ, ಗೋಡೆಗೆ ಬಿಳಿ ಧೋತರ ಕಟ್ಟಿ ಸಿನಿಮಾ ತೋರಿಸಿದೆವು. ಮುಂದಿನ ಸಾಲಿನಲ್ಲಿ ಅಕ್ಕೋರು, ಅವರ ಪಕ್ಕಕ್ಕೆ ನೇಕಾರ ಅಜ್ಜಿ. ಎಳೆ ಹರಿಯುವ ಜಾಗ ಬರುತ್ತಿದ್ದಂತೆ ಅಜ್ಜಿ ಎದ್ದು ನಿಂತು, "ಹರೀತು ನೋಡ್ರಿ!" ಎಂದು ಕೂಗಿದಳು. ಗೋಡೆಯ ಮೇಲಿನ ಅಜ್ಜಿ ಬೈಯುತ್ತ ಅದನ್ನು ಕಟ್ಟಿದಾಗ ಇಡೀ ಹಾಲು ಚಪ್ಪಾಳೆ ತಟ್ಟಿತು. ಅಕ್ಕೋರು ಏನೂ ಕಾಣದ ಕಣ್ಣನ್ನು ಗೋಡೆಗೆ ನೆಟ್ಟಿದ್ದರು. ಈ ಸಲ ಕತ್ತು ವಾಲಿಸದೆ, ನೇರವಾಗಿ. ನನಗೆ ಅಳು ತಡೆಯಲಾಗಲಿಲ್ಲ. ಕಣ್ಣಿರುವಾಗಲೇ ಮುಗಿಸಿಕೊಡಲಾಗಲಿಲ್ಲವಲ್ಲ ಎಂದೆ.

"ಕಣ್ಣ ಇರೂದ್ರಾಗ ಮುಗೀಲಿಲ್ಲ ಖರೆ. ನಾ ಇರೂದ್ರಾಗ ಮುಗೀತಲ್ಲ" ಎಂದು ನನ್ನ ಕೈ ತಡವಿ ಹಿಡಿದುಕೊಂಡರು. ನನ್ನ ಬೆರಳ ಸಂದಿನಲ್ಲಿ ಒಣಗಿದ ಹಿಟ್ಟು ಸಿಕ್ಕಿ, "ಕೈ ತೊಳಕೊಂಡ ಬಂದಿಲ್ಲ" ಎಂದು ಅದಕ್ಕೂ ಬೈದರು.

ಈಗ ನನ್ನ ಅಂಗಡಿಯಲ್ಲಿ ಸಕ್ಕರೆ ಗುಲಾಬಿಯ ಡಬ್ಬಿ ಇಲ್ಲ. ಕೇಕಿನ ಸುತ್ತು ಎಲ್ಲಿ ಕೂಡುತ್ತದೋ ಅಲ್ಲಿ ಕೊಂಡಿ ಇರುತ್ತದೆ. ಅದನ್ನೇ ಕೇಳಿಕೊಂಡು ಬಾಗಲಕೋಟೆಯಿಂದಲೂ ಜನ ಬರುತ್ತಾರೆ. ಹೊಸದೇನಾದರೂ ಬೇಕೆಂದರೆ ನಾನು ಫೋನು ತಿಕ್ಕುತ್ತ ಕೂರುವುದಿಲ್ಲ, ಚಪ್ಪಲಿ ಮೆಟ್ಟಿ ಓಣಿಗೆ ಇಳಿಯುತ್ತೇನೆ.

ಹೋದ ವರ್ಷ ಸೇವಂತಿಗೆಯ ಕಾಲದಲ್ಲಿಯೇ ಅಕ್ಕೋರು ಹೋದರು. ಕಟ್ಟಿದ ಮಾಲೆ ಕೊಳ್ಳಲು ಮನಸ್ಸಾಗಲಿಲ್ಲ. ಬಿಡಿ ಹೂವು ತಂದು ನಾನೇ ಕೂತು ಕಟ್ಟಿದೆ. ಅವರ ಮನೆಯ ಬಾಗಿಲಲ್ಲಿ ಮಂದಿಯ ನೂಕಾಟದಲ್ಲಿ ದಾರ ಪಟ್ಟನೆ ಹರಿಯಿತು. ಅಲ್ಲೇ ನಿಂತು ಗಂಟು ಹಾಕಿ, ಒಳಗೆ ಹೋಗಿ ಅವರ ಕೊರಳಿಗೆ ಹಾಕಿದೆ. ಗಂಟು ಎದೆಯ ಮೇಲೆ ದಪ್ಪಗೆ ಕಾಣುತ್ತಿತ್ತು. ಪಕ್ಕದಲ್ಲಿದ್ದ ಒಬ್ಬ ಹೆಣ್ಣುಮಗಳು, ಒಳ್ಳೆಯ ಮನಸ್ಸಿನಿಂದಲೇ, ಹೂವೊಂದನ್ನು ಸರಿಸಿ ಅದನ್ನು ಮುಚ್ಚಲು ಕೈ ಚಾಚಿದಳು.

ನಾನು ಆ ಕೈ ಹಿಡಿದೆ. "ಇರ್ಲಿ ಬಿಡ್ರಿ," ಎಂದೆ, "ಕಾಣ್ಲಿ."