ಬಾಣಂತಿ ಕೋಣೆಯ ಬಾಗಿಲವಾಡ

ಮೊಳೆ ಕಿತ್ತ ತೂತಿಗೆ ತುಂಬುವ ಪುಟ್ಟಿಯನ್ನು ಅಂಗೈಯಲ್ಲಿಟ್ಟು ನಾದುವುದಿದೆಯಲ್ಲ, ಅದು ಎಳೆಮಗುವಿಗೆ ಎಣ್ಣೆ ತಿಕ್ಕುವ ಹಾಗೆ. ಕೈ ಬೆಚ್ಚಗಿರಬೇಕು, ಮನಸ್ಸಿಗೆ ಆತುರವಿರಬಾರದು. ಸೀಮೆಸುಣ್ಣದ ಪುಡಿ, ಅಗಸೆ ಎಣ್ಣೆ, ಮರದ ಬಣ್ಣಕ್ಕೆ ಹೊಂದುವಷ್ಟು ಕೆಮ್ಮಣ್ಣು. ಮೂರನೇ ಕ್ಲಾಸಿಗೇ ಸ್ಲೇಟು ಬಿಟ್ಟು ಉಳಿ ಹಿಡಿದವನು ನಾನು, ನನಗೆ ಬಂದ ವಿದ್ಯೆ ಇಷ್ಟೇ ಸ್ವಾಮಿ.

ಮದುವೆಯಾಗಿ ಏಳು ವರ್ಷದ ಮೇಲೆ ಬಸಿರಾದ ನನ್ನ ಮಗಳು ಜಯ ಹೆರಿಗೆಗೆಂದು ಕುಂಬಾರಕೊಪ್ಪಲಿನ ನಮ್ಮ ಮನೆಗೆ ಬಂದಾಗ, ಆ ವಿದ್ಯೆಯೆಲ್ಲ ಕೈಯಲ್ಲಿ ತುಂಬಿ ತುಳುಕಿತು. ಅವಳಿಗೆ ಬಿಟ್ಟುಕೊಟ್ಟ ಕೋಣೆಯ ಬಾಗಿಲವಾಡದ ಮೇಲೆ ತೋರಣಕ್ಕೆ, ಪಟಕ್ಕೆ, ಸೊಳ್ಳೆಪರದೆಗೆ ಎಂದು ನಾವೇ ಹೊಡೆದ ಮೊಳೆಗಳು ಹದಿನಾಲ್ಕು. ಮೊಳೆಯ ತೂತಿನಲ್ಲಿ ತಿಗಣೆ ಸಂಸಾರ ಹೂಡುತ್ತದೆ. ನಾಳೆ ಹುಟ್ಟುವ ಕೂಸಿನ ಮೈ ಅದಕ್ಕೆ ಹಬ್ಬದೂಟ. ಬಸುರಿ ಇರುವ ಮನೆಯಲ್ಲಿ ಮೊಳೆ ಹೊಡೆಯಬಾರದೆಂಬುದು ನನಗೆ ಗೊತ್ತಿತ್ತು. ನಾನು ಹೊಡೆಯಲಿಲ್ಲ, ಕಿತ್ತೆ. ಒಂದೊಂದೇ ತೂತಿಗೆ ಪುಟ್ಟಿ ತುಂಬಿ, ಹೆಬ್ಬೆರಳಿನಿಂದ ಸವರಿ, ಎಲ್ಲಿ ಮರ ಎಲ್ಲಿ ತೂತು ಎಂದು ತಿಳಿಯದಂತೆ ಮಾಡಿ, ಎರಡು ಹೆಜ್ಜೆ ಹಿಂದೆ ನಿಂತು ಹಿಗ್ಗಿದೆ.

ಅಷ್ಟರಲ್ಲಿ ಮಗಳ ಹೆಸರಲ್ಲಿ ಹರಕೆ ಹೊತ್ತು ಬೆಟ್ಟಕ್ಕೆ ಹೋಗಿದ್ದ ನನ್ನ ಹೆಂಡತಿ ಕುಂಕುಮದ ಪೊಟ್ಟಣದೊಂದಿಗೆ ಬಂದಳು.

"ನಿಮ್ ಕೈ ಸುಮ್ನೆ ಇರಬಾರ್ದೇನ್ರೀ? ತುಂಬಿದ ಬಸುರಿ ಇರೋ ಮನೇಲಿ ಯಾರಾದ್ರೂ ತೂತು ಮುಚ್ತಾರಾ? ಮಗು ದಾರಿ ಎಲ್ಲಿ ಹುಡುಕ್ಬೇಕು?"

"ಮರಕ್ಕೂ ಹೊಟ್ಟೆಗೂ ಏನೇ ಸಂಬಂಧ?" ಎಂದು ನಕ್ಕುಬಿಟ್ಟೆ. ಜಯಳೂ ನಕ್ಕಳು. ಆದರೆ ನಗುವುದಕ್ಕೆ ಖರ್ಚಾದ ಧೈರ್ಯ ಮತ್ತೆ ಬರಲಿಲ್ಲ ನೋಡಿ. ಆ ವಾರವೆಲ್ಲ ಬಾಗಿಲು ದಾಟುವಾಗ ಕಣ್ಣು ತಾನಾಗಿ ಮೇಲೆ ಹೋಗುತ್ತಿತ್ತು. ಪುಟ್ಟಿ ದಿನದಿಂದ ದಿನಕ್ಕೆ ಗಟ್ಟಿಯಾಗುತ್ತಿತ್ತು. ಇಷ್ಟು ವರ್ಷ ಯಾವ ಗುಣವನ್ನು ಹೊಗಳಿಕೊಂಡಿದ್ದೆನೋ ಅದೇ ಗುಣ ಈಗ ಎದೆಯಲ್ಲಿ ಕಲ್ಲಾಗಿ ಕೂತಿತು.

ವಾರ ಕಳೆದ ಮೇಲೆ ಒಂದು ದಿನ ಬೆಳಗಿನ ಜಾವಕ್ಕೆ ಜಯಳಿಗೆ ನೋವು ಶುರುವಾಯಿತು. ಜಟಕಾದಲ್ಲಿ ಸೂಲಗಿತ್ತಿ ಪುಟ್ಟತಾಯಮ್ಮನನ್ನು ಕರೆತಂದೆ. ಸೂರ್ಯ ನೆತ್ತಿಗೆ ಬಂದರೂ ಒಳಗಿನಿಂದ ಬರುತ್ತಿದ್ದುದು ಮಗಳ ನರಳಾಟವೊಂದೇ. "ಇನ್ನೂ ತಡ ಐತೆ ಕಣಪ್ಪ" ಎಂದಳು ಪುಟ್ಟತಾಯಮ್ಮ. ಬಿಸಿನೀರಿಗೆಂದು ಹೊರಗೆ ಬಂದ ನನ್ನ ಹೆಂಡತಿ ನನ್ನನ್ನು ಬೈಯಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. ಬಾಗಿಲವಾಡವನ್ನು ಒಮ್ಮೆ ನೋಡಿ ಒಳಗೆ ಹೋದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಗೋಣಿ ಹೊಲಿಯುವ ದಬ್ಬಳ ತಂದೆ. ಮುಚ್ಚಿದ ಬಾಗಿಲ ಮುಂದೆ ಸ್ಟೂಲು ಹಾಕಿಕೊಂಡು, ನಾನೇ ತುಂಬಿದ್ದನ್ನು ನಾನೇ ಕೆದಕತೊಡಗಿದೆ. ಇದು ಮೂಢತನ ಎಂದು ಬುದ್ಧಿ ಹೇಳುತ್ತಿತ್ತು, ಕೈ ಕೇಳುತ್ತಿರಲಿಲ್ಲ. ಬೆವರು ಕಣ್ಣಿಗಿಳಿಯಿತು, ಪುಡಿ ಮೀಸೆಗೆ ಉದುರಿತು. ಎಂಟು, ಒಂಬತ್ತು, ಹತ್ತು. ಹದಿಮೂರನೆಯದು ಮುಗಿದು ದಬ್ಬಳ ಮುಂದಿನದಕ್ಕೆ ತಾಗಿತ್ತಷ್ಟೆ, ಒಳಗೆ ಅಳು ಕೇಳಿತು. ಹೊಸ ಅಳು! ಸ್ಟೂಲಿನಿಂದ ಹೇಗೆ ಇಳಿದೆನೋ ಕಾಣೆ. ಹೆಣ್ಣುಮಗು, ತಾಯಿ ಮಗು ಇಬ್ಬರೂ ಕ್ಷೇಮ. ಬೀದಿಯ ಕೊನೆಯ ತನಕ ಹೋಗಿ, ಕೇಳಿದವರಿಗೂ ಕೇಳದವರಿಗೂ ಕಲ್ಲುಸಕ್ಕರೆ ಹಂಚಿ ಬಂದೆ.

ನಾಮಕರಣವಾದ ಮೇಲೆ ಮೊಮ್ಮಗಳನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಾಗ ಮೇಲೆ ಕಂಡಿತು, ಹದಿನಾಲ್ಕನೆಯ ತೂತು. ಮುಚ್ಚಿದ್ದು ಮುಚ್ಚಿದಂತೆಯೇ ಇತ್ತು. ಮಗು ಬಂದೇ ಬಂದಿತ್ತು. ಗುಟ್ಟಾಗಿ ಜಯಳಿಗೆ ತೋರಿಸಿದೆ.

"ಹಾಗಾದ್ರೆ ನಾನು ಅಷ್ಟು ಕೆದಕಿದ್ದೆಲ್ಲ ದಂಡ ಅಂತೀಯೇನಮ್ಮ?"

ಅವಳು ನಗಲಿಲ್ಲ. "ಇಲ್ಲ ಅಪ್ಪಾ. ಒಳಗಿದ್ದ ನಂಗೆ ಬಾಗ್ಲಲ್ಲಿ ಕರಕರ ಅನ್ನೋದು ಕೇಳ್ತಾನೇ ಇತ್ತು. ನೀವು ಅಲ್ಲೇ ಇದ್ದೀರ ಅಂತ ಗೊತ್ತಾಗ್ತಿತ್ತು. ಅದು ನಿಂತಾಗೆಲ್ಲ ಹೆದರಿಕೆ ಆಗೋದು."