ಮಲಗಿದವರಿಗೆ ಸ್ನಾನ

ನನ್ನನ್ನು ನರ್ಸಿಂಗ್ ತರಬೇತಿಗೆ ಸೇರಿಸಿದವಳು ನನ್ನ ಹೆಂಡತಿ. ಶ್ರೀರಂಗಪಟ್ಟಣದಲ್ಲಿ ನಾನು ಕೆಲಸಕ್ಕಿದ್ದ ಮೊಬೈಲ್ ಅಂಗಡಿ ಮುಚ್ಚಿಹೋಗಿ, ಮನೆಯಲ್ಲಿ ಕೂತು ಅವಳ ತಲೆ ತಿನ್ನುತ್ತಿದ್ದ ಕಾಲ ಅದು. ಪಾಂಡವಪುರದ ಸಮುದಾಯ ಕಾಲೇಜಿನಲ್ಲಿ ರೋಗಿಗಳನ್ನು ನೋಡಿಕೊಳ್ಳುವುದನ್ನು ಕಲಿಸುತ್ತಾರಂತೆ ಎಂದು ಯಾರೋ ಅವಳಿಗೆ ಹೇಳಿದ್ದರು. "ನಮ್ಮನೇಲಿ ರಕ್ತ ಕಂಡ್ರೆ ತಲೆ ತಿರುಗದೆ ಇರೋದು ನಿಮಗೊಬ್ರಿಗೇಯ. ಓಗಿ ಸೇರ್ಕಳಿ" ಎಂದಳು. ಸೇರಿದೆ. ತರಗತಿಗೆ ಕಾಲಿಟ್ಟಾಗಲೇ ಗೊತ್ತಾದದ್ದು, ಅಷ್ಟೂ ಹುಡುಗಿಯರ ನಡುವೆ ಗಂಡಸು ನಾನೊಬ್ಬನೇ ಎಂದು.

ರಕ್ತದ ಮಾತು ಹಾಗಿರಲಿ, ನಮ್ಮ ಮೇಡಂ ಮೊದಲು ಹಿಡಿದದ್ದು ಸ್ನಾನದ ಪಾಠ. ಹಾಸಿಗೆಯಿಂದ ಏಳಲಾಗದವರಿಗೆ, ಮಲಗಿದಲ್ಲೇ, ಮೈ ಬಯಲಾಗದಂತೆ, ಹಾಸಿಗೆ ನೆನೆಯದಂತೆ ಸ್ನಾನ ಮಾಡಿಸಬೇಕು. ಕಾಲೇಜಿನಲ್ಲಿ ಅದಕ್ಕೊಂದು ಗೊಂಬೆ ಇತ್ತು. ಕಂಕುಳು ಒರೆಸಲು ಎತ್ತಿದರೆ ಅದರ ಎಡಗೈ ಕಳಚಿ ನಮ್ಮ ಕೈಗೇ ಬಂದುಬಿಡುತ್ತಿತ್ತು. "ಜೀವ ಇರೋರಿಗೆ ಸರಿಯಾಗಿ ಸ್ನಾನ ಮಾಡ್ಸೋ ತನಕ ನನ್ನ ವಿದ್ಯಾರ್ಥಿಗಳು ಸೂಜಿ ಮುಟ್ಟೋ ಹಾಗಿಲ್ಲ" ಎಂದು ಮೇಡಂ ಹೇಳಿ, ನಮ್ಮನ್ನು ಕೆ.ಆರ್. ಪೇಟೆಯ ಒಂದು ಸಣ್ಣ ಖಾಸಗಿ ಆಸ್ಪತ್ರೆಗೆ ಕಳಿಸಿದರು.

ಹುಡುಗಿಯರೆಲ್ಲ ಹೆಂಗಸರ ವಾರ್ಡಿನಲ್ಲಿ ಒಂದೇ ವಾರಕ್ಕೆ ಕೆಲಸ ಮುಗಿಸಿಕೊಂಡು ಸೂಜಿ ಹಿಡಿದರು. ಗಂಡಸರ ವಾರ್ಡಿನಲ್ಲಿ ನಾನು ಬೇಸಿನ್ನು, ಸೋಪು, ಟವೆಲ್ಲು ಹಿಡಿದುಕೊಂಡು ಮಂಚದಿಂದ ಮಂಚಕ್ಕೆ ಅಲೆದೆ. ಕೊರಳಲ್ಲಿ ಗುರುತಿನ ಚೀಟಿ ಕಂಡು ಡಾಕ್ಟ್ರೇ ಎಂದು ಕೈಮುಗಿದವರು ಬೇಸಿನ್ನು ಕಂಡೊಡನೆ ಮುಖ ತಿರುಗಿಸುತ್ತಿದ್ದರು. "ನಾಳಿಕ್ಕೆ ಮನೇಗೋಗ್ತೀನಲ್ಲ, ಅಲ್ಲೇ ಉಯ್ಕತೀನಿ ಬುಡಪ್ಪ" ಎಂದ ಒಬ್ಬ. ಇನ್ನೊಬ್ಬ ನಾನು ಬರುವುದು ಕಂಡರೆ ಸಾಕು, ಗೊರಕೆ ಹೊಡೆಯುತ್ತಿದ್ದ.

ಕೊನೆಗೆ ನನ್ನ ಪಾಲಿಗೆ ಸಿಕ್ಕವನು ಅಕ್ಕಿಹೆಬ್ಬಾಳಿನ ಕಡೆಯ ಒಬ್ಬ ರೈತ, ಅರವತ್ತು ದಾಟಿದವನು. ಕೊಟ್ಟಿಗೆಯಲ್ಲಿ ಜಾರಿ ತೊಡೆಯ ಮೂಳೆ ಮುರಿದುಕೊಂಡಿದ್ದ. ಶುಗರ್ ಇಳಿಯುವವರೆಗೆ ಆಪರೇಷನ್ ಇಲ್ಲವೆಂದು ಡಾಕ್ಟರು ಕಾಲಿಗೆ ತೂಕ ಕಟ್ಟಿ ಮಲಗಿಸಿದ್ದರು. ಬೆನ್ನು ಕಡಿತಕ್ಕೆ ಅವನು ಮಂಚಕ್ಕೆ ಮೈ ಉಜ್ಜುತ್ತಿದ್ದ. "ಮಾಡ್ಸಲಾ, ಪುಣ್ಯ ಬತ್ತದೆ" ಎಂದು ಅವನೇ ಕರೆದ. ಅಬ್ಬಾ ಎಂದುಕೊಂಡು ನಾನು ಬಿಸಿನೀರು ತಂದರೆ, ಅವನ ಹೆಂಡತಿ ಮಂಚಕ್ಕೆ ಅಡ್ಡ ನಿಂತಳು.

"ಮಲಗಿಸ್ಬುಟ್ಟು ನೀರಾಕದು ಯಾರ್ಗೆ ಗೊತ್ತೇನಪ್ಪಾ? ಸತ್ತೋರ್ಗೆ. ನನ್ನ ಗಂಡ ಇನ್ನೂ ಬದುಕವ್ನೆ."

ನಾನು ಗಾಯ, ಸೋಂಕು, ಬೆನ್ನು ಹುಣ್ಣು ಎಂದು ಕಲಿತದ್ದನ್ನೆಲ್ಲ ಒಪ್ಪಿಸಿದೆ. ಅವಳು ಅಲುಗಾಡಲಿಲ್ಲ. ಮರುದಿನವೂ ಅದೇ, ಅದರ ಮರುದಿನವೂ ಅದೇ. ಕೆ.ಆರ್. ಪೇಟೆಯ ಬಸ್ಸಿನಲ್ಲಿ ನಿಂತು ಬಂದು ಸೊಂಟ ಬಿದ್ದುಹೋಗಿದ್ದ ಒಂದು ಬೆಳಿಗ್ಗೆ ನನ್ನ ನಾಲಿಗೆ ಜಾರಿತು. "ಸತ್ತೋರು ಇಷ್ಟೊಂದು ಮಾತಾಡ್ತಾರೇನಮ್ಮಾ?" ಎಂದುಬಿಟ್ಟೆ. ಗಂಡ ಹೋ ಎಂದು ನಕ್ಕ. ಗೊರಕೆಯವನೂ ಎದ್ದು ನಕ್ಕ. ಆಕೆ ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ಹೋದಳು.

ಅವಳು ಕಣ್ಮರೆಯಾದೊಡನೆ ಗಂಡ ಪಿಸುಗುಟ್ಟಿದ: "ಅವ್ಳು ಬರಗಂಟ ಮಾಡಿ ಮುಗ್ಸುಬುಡ್ಲಾ." ಕೈ ಬೇಸಿನ್ನಿನ ಕಡೆಗೆ ಹೋದದ್ದು ನಿಜ. ಆದರೆ ಅರ್ಧದಲ್ಲಿ ಅವಳು ಬಂದರೆ ಏನಾಗಬಹುದು ಎಂಬುದು ಕಣ್ಣಿಗೆ ಕಟ್ಟಿತು. ಬೈದುಕೊಳ್ಳುತ್ತಲೇ ಅವಳನ್ನು ಹುಡುಕಿಕೊಂಡು ಹೋದೆ.

ಔಷಧಿ ಅಂಗಡಿಯ ಪಕ್ಕದ ಕಟ್ಟೆಯ ಮೇಲೆ ಕೂತಿದ್ದಳು. ತಪ್ಪಾಯಿತು ಎಂದೆ. ಪಕ್ಕಕ್ಕೆ ಸರಿದು ಜಾಗ ಕೊಟ್ಟಳು. ಆಮೇಲೆ ಅವಳೇ ಹೇಳಿದಳು: ಕಳೆದ ಬೇಸಿಗೆಯಲ್ಲಿ ಅವಳ ತಮ್ಮ ತೀರಿಕೊಂಡಾಗ ಅವನ ತಲೆಗೆ ಮೊದಲ ಚೊಂಬು ನೀರು ಹಾಕಿದವಳು ಅವಳೇ ಅಂತೆ. "ನೀರಾಕುದ್ರೂ ಒಂದ್ ಮಾತಾಡ್ನಿಲ್ಲ ಕಣಪ್ಪ ಅವ್ನು. ಬೋ ಮಾತಿನವನು." 

ಸಮಾಧಾನ ಹೇಳಲು ನನಗೆ ಬರುವುದಿಲ್ಲ. "ಮತ್ತೆ ಏನು ಮಾಡಾನ ಹೇಳಿ" ಎಂದಷ್ಟೇ ಕೇಳಿದೆ. ಅವಳು ಯೋಚಿಸಿ ಕರಾರು ಹಾಕಿದಳು. ತಲೆಯ ಕಡೆ ಎತ್ತರ ಮಾಡಬೇಕು, ಪೂರ್ತಿ ಮಲಗಿಸಬಾರದು. ಮುಖ ತಾನೇ ತೊಳೆಯುತ್ತಾಳೆ. ಮತ್ತು ನೀರು ಮುಟ್ಟಿಸಿದಾಗಿನಿಂದ ಮುಗಿಯುವ ತನಕ ಗಂಡ ಬಾಯಿ ಮುಚ್ಚಬಾರದು, ಮಾತಾಡುತ್ತಲೇ ಇರಬೇಕು.

ಮಂಚ ಎತ್ತರಿಸುವ ಹಿಡಿಕೆ ಕೆಟ್ಟಿತ್ತು. ಡಾಕ್ಟರನ್ನು ಕೇಳಿ, ಕಾಲಿನ ತೂಕ ಅಲುಗದಂತೆ, ಬೆನ್ನ ಹಿಂದೆ ದಿಂಬು, ಕಂಬಳಿ ಒಟ್ಟಿದೆವು. ಅವಳು ಮುಖ ತೊಳೆದಳು. ನಾನು ತೋಳು ಹಿಡಿದೆ. ಆ ಮಹಾರಾಯ ಶುರು ಮಾಡಿದ ನೋಡಿ! ಎಮ್ಮೆಯಿಂದ ಹಿಡಿದು ಡೈರಿಯ ಕಾರ್ಯದರ್ಶಿ, ಹೇಮಾವತಿ ನಾಲೆಯ ನೀರು, ಅಳಿಯನ ಬೈಕು, ಕಬ್ಬು ಕಡಿಯುವವರ ಸೊಕ್ಕು. ಎಲ್ಲರನ್ನೂ ಬೈದ ಮೇಲೆ ನನ್ನನ್ನು ಹಿಡಿದುಕೊಂಡ. "ಏನ್ಲಾ, ಎಮ್ಮೆ ಮೈ ತೊಳ್ದಂಗೆ ಉಜ್ತೀಯಲ್ಲ! ಮದ್ವೆ ಆಗೈತೇನ್ಲಾ? ಎಂಡ್ತಿ ಏನಂತಾಳೆ ಈ ಕೆಲ್ಸಕ್ಕೆ?" ಎದೆ, ಹೊಟ್ಟೆ, ಕಾಲು, ಯಾವುದಕ್ಕೂ ಅವನು ಮಾತು ನಿಲ್ಲಿಸಲಿಲ್ಲ. ಮುಂದಿನದೇನೆಂದು ನನಗೇ ಮರೆಯುತ್ತಿತ್ತು.

ಬೆನ್ನಿಗೆ ಬಿಸಿ ಬಟ್ಟೆ ಇಟ್ಟಾಗ ಸದ್ದು ನಿಂತಿತು.

"ಮಾತಾಡ್ರೀ" ಎಂದಳು ಅವಳು, ಅವನ ಭುಜ ತಟ್ಟುತ್ತ.

"ಏನ್ ಮಾತಾಡ್ಲಮ್ಮಿ" ಎಂದ ಅವನು ಕಣ್ಣು ಮುಚ್ಚಿಕೊಂಡೇ. "ಇತವಾಗೈತೆ."

ಅವಳು ಮತ್ತೆ ಒತ್ತಾಯಿಸಲಿಲ್ಲ. ಸೆರಗಿನಿಂದ ಅವನ ಕಿವಿಯ ಹಿಂದಿನ ನೀರು ಒರೆಸಿದಳು.

ಅಷ್ಟರಲ್ಲಿ ಮೇಡಂ ಬಂದರು. ನೋಡಿದರು, ಹಾಸಿಗೆಯ ಅಂಚು ಮುಟ್ಟಿದರು. "ಇಲ್ಲಿ ನೆಂದಿದೆ. ನಾನು ಶುರುವಿನಿಂದ ನೋಡಲೂ ಇಲ್ಲ. ನಾಳೆ ಇನ್ನೊಂದ್ಸಲ ಮಾಡಿ" ಎಂದು ಹೊರಟುಹೋದರು. ಬೇಸಿನ್ನನ್ನು ಕಿಟಕಿಯಿಂದಾಚೆ ಎಸೆದುಬಿಡೋಣ ಅನ್ನಿಸಿತು.

ಮರುದಿನ ಮಾಡಿದೆ, ಮೇಡಂ ಮೊದಲಿನಿಂದ ಕೊನೆಯವರೆಗೆ ಕೈಕಟ್ಟಿ ನಿಂತು ನೋಡಿದರು. ರೈತ ಅವರೆದುರು ಅಳಿಯನ ಕತೆಯನ್ನು ಮೊದಲಿನಿಂದ ಹೇಳಿದ. ಹಾಸಿಗೆ ಎಲ್ಲೂ ನೆನೆದಿರಲಿಲ್ಲ. ಮೇಡಂ "ಪರವಾಗಿಲ್ಲ" ಎಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಮಾತನ್ನು ಆ ವರ್ಷವಿಡೀ ನಾನು ಕೇಳಲಿಲ್ಲ. ಆ ವಾರವೇ ಸೂಜಿ ಕೈಗೆ ಬಂತು. ಅಷ್ಟೆಲ್ಲ ಹಂಬಲಿಸಿದ್ದ ಸೂಜಿಯ ಕೆಲಸ ಚುಚ್ಚಿ ತೆಗೆಯುವಷ್ಟರಲ್ಲಿ ಮುಗಿದುಹೋಯಿತು.

ಶುಗರ್ ಇಳಿದ ಮೇಲೆ ರೈತನನ್ನು ಆಪರೇಷನ್ನಿಗೆ ಮೈಸೂರಿಗೆ ಕಳಿಸಿದರು. ಸ್ಟ್ರೆಚರಿನ ಒಂದು ತುದಿ ಹಿಡಿದವನು ನಾನು, ಇನ್ನೊಂದು ತುದಿ ವಾರ್ಡ್ ಬಾಯ್. ಕಿರಿದಾದ ಮೊಗಸಾಲೆ ದಾಟಿ ಬಾಗಿಲಿಗೆ ಬಂದಿದ್ದೇವೆ, ಹಿಂದಿನಿಂದ ಅವನ ಹೆಂಡತಿಯ ಕೂಗು.

"ನಿಲ್ಲಿ ನಿಲ್ಲಿ! ಸತ್ತೋರ್ನ ಒಯ್ದಂಗೆ ಕಾಲು ಮುಂದಾಗಿ ಎತ್ಕಂಡೋಯ್ತಾ ಇದೀರಲ್ರಪ್ಪ! ತಿರುಗ್ಸಿ!"

ಹೊರಗೆ ಆಂಬುಲೆನ್ಸಿನವನು ಹಾರನ್ ಒತ್ತುತ್ತಿದ್ದ. ವಾರ್ಡ್ ಬಾಯ್ ನನ್ನ ಮುಖ ನೋಡಿದ. ನಾನು ಹತ್ತಬೇಕಿದ್ದ ಪಾಂಡವಪುರದ ಬಸ್ಸು ಹೊರಡುವ ಹೊತ್ತೂ ಆಗಿತ್ತು. ಗೋಡೆಗೆ ಮೊಣಕೈ ತರಚಿಕೊಳ್ಳುತ್ತ ಹಿಂದೆ ಹಿಂದೆ ಸರಿದು, ವಾರ್ಡಿನ ಒಳಗೇ ಹೋಗಿ ಸ್ಟ್ರೆಚರ್ ತಿರುಗಿಸಿಕೊಂಡು, ತಲೆ ಮುಂದಾಗಿ ಅವನನ್ನು ಆಚೆ ತಂದೆವು. ಮಲಗಿದ್ದವನು ಅಷ್ಟೂ ದಾರಿ ನಮ್ಮನ್ನು ಬೈಯುತ್ತಲೇ ಇದ್ದ.