ಹೊಳೆಯದ ಗೋಡೆಗಳು

ಆ ಕಂಪ್ಯೂಟರ್ ಆಟದಲ್ಲಿ ಒಂದು ಬಂದರಿನ ಊರಿತ್ತು. ಊರಿನ ಗೋಡೆಗಳೆಲ್ಲ ಕಲ್ಲಿನವು. ಆದರೆ ಆಟ ಮಾಡಿದವರು ಇಡೀ ಊರಿಗೆ ಬಳಸಿದ್ದು ಒಂದೇ ಕಲ್ಲುಗೋಡೆಯ ಚಿತ್ರ. ನಾಲ್ಕು ಹೆಜ್ಜೆಗೊಮ್ಮೆ ಅದೇ ಪಾಚಿಯ ಕಲೆ, ಅದೇ ಬಿರುಕು. ಹತ್ತಿರ ಹೋದರೆ ಕಲ್ಲು ಕಲ್ಲಾಗಿ ಉಳಿಯದೆ ನೆನೆದ ರಟ್ಟಿನಂತೆ ಮಬ್ಬಾಗುತ್ತಿತ್ತು. ಪಾತ್ರವೊಂದನ್ನು ಕಟ್ಟಿಕೊಂಡು ಊರೂರು ಅಲೆದು, ಕಂಡವರ ಜೊತೆ ಮಾತಾಡಿ, ಬೇಕಾದಾಗ ಕತ್ತಿ ಹಿಡಿಯುವ ಬಗೆಯ ಆಟ ಅದು. ಆಟ ಮಾರುಕಟ್ಟೆಗೆ ಬಂದು ನಾಲ್ಕು ವರ್ಷವಾಗಿತ್ತು. ನಾನು ಕತ್ತಿ ಹಿಡಿದದ್ದು ಕಡಿಮೆ. ಎಂ.ಎಸ್ಸಿ. ಎರಡನೇ ವರ್ಷದಲ್ಲಿ, ಕ್ಲಾಸು ಮುಗಿಸಿ ವಿಜಯನಗರದ ಮನೆಗೆ ಬಂದವಳು ಸಂಜೆ ಒಂದು ಗಂಟೆ ಆ ಊರಿನ ಓಣಿಗಳಲ್ಲಿ ಸುಮ್ಮನೆ ನಡೆಯುತ್ತಿದ್ದೆ. ಅಲ್ಲಿ ಯಾರೂ ನನ್ನ ಮದುವೆಯ ವಿಷಯ ಎತ್ತುತ್ತಿರಲಿಲ್ಲ.

ಗೋಡೆಗಳನ್ನು ಬದಲಿಸಬಹುದೆಂದು ತಿಳಿದದ್ದು ಇಂಟರ್ನೆಟ್ಟಿನಿಂದ. ಆಟದೊಳಗಿನ ಮನೆಗಳೆಂದರೆ ಟೊಳ್ಳು ಪೆಟ್ಟಿಗೆಗಳು. ಅವುಗಳ ಮೈಗೆ ಚಿತ್ರ ಅಂಟಿಸಿರುತ್ತಾರೆ. ಆ ಚಿತ್ರಗಳನ್ನೆಲ್ಲ ಆಟದೊಳಗೇ ಕಟ್ಟಿಟ್ಟಿರುತ್ತಾರೆ. ಅದೇ ಹೆಸರಿಟ್ಟು ಬೇರೆ ಚಿತ್ರವನ್ನು ಆಟದ ಪಕ್ಕದಲ್ಲಿ ಒಂದು ಫೋಲ್ಡರಿನಲ್ಲಿಟ್ಟರೆ ಆಟ ಮರುಮಾತಿಲ್ಲದೆ ಅದನ್ನೇ ಅಂಟಿಸಿಕೊಳ್ಳುತ್ತದೆ. ಇದಕ್ಕೆ ಮಾಡ್ ಮಾಡುವುದು ಎನ್ನುತ್ತಿದ್ದರು. ಗ್ರಾಫಿಕ್ಸ್ ಸುಧಾರಿಸಿದ್ದೇವೆ ಎಂದು ಸಾರಿಕೊಂಡು ತಮ್ಮ ಮಾಡ್‌ಗಳನ್ನು ಹಂಚುವವರು ಆಗಲೇ ಬಹಳ ಮಂದಿ ಇದ್ದರು. ಅವರ ಕೆಲಸವನ್ನೆಲ್ಲ ಇಳಿಸಿಕೊಂಡು ನೋಡಿದೆ. ಅವರಿಗೆ ಸುಧಾರಣೆ ಎಂದರೆ ಹೊಳಪು. ಮೀನುಗಾರರ ಮನೆಯ ಗೋಡೆ ರಾಜರಾಜೇಶ್ವರಿನಗರದ ಹೊಸ ಮನೆಗಳ ಮೆಟ್ಟಿಲಿನಂತೆ ಪಾಲಿಶ್ ಮಾಡಿದ ಗ್ರಾನೈಟ್ ಆಗಿತ್ತು. ಕೆಸರಿನ ದಾರಿ ಎಣ್ಣೆ ಸವರಿದಂತಿತ್ತು. ಜೊತೆಗೆ, ಹೆಂಗಸರ ಪಾತ್ರಗಳ ಬಟ್ಟೆ ಪ್ರತಿ ಆವೃತ್ತಿಯಲ್ಲೂ ಒಂದೊಂದು ಇಂಚು ಕುಗ್ಗುತ್ತ ಬಂದಿತ್ತು. ಅದೂ ಗ್ರಾಫಿಕ್ಸ್ ಸುಧಾರಣೆಯ ಪಟ್ಟಿಯಲ್ಲೇ ಇತ್ತು. ಹಿಮ ಬೀಳುವ ಬಂದರಿನಲ್ಲಿ ಮೀನು ಮಾರುವವಳು ಹಾಗೆ ನಿಂತರೆ ಬೆಳಗಾಗುವಷ್ಟರಲ್ಲಿ ಸತ್ತಿರುತ್ತಾಳೆ ಎಂದು ಅವರಲ್ಲಿ ಒಬ್ಬನಿಗೂ ಹೊಳೆದಂತಿರಲಿಲ್ಲ.

ನಾನೇ ಮಾಡಲು ಕೂತೆ. ಚಿತ್ರ ಒಂದೇ ಆದರೂ ಒಂದೊಂದು ಮನೆಗೆ ಅದನ್ನು ಒಂದೊಂದು ಹೆಸರಿನಲ್ಲಿ ಇಟ್ಟಿದ್ದರು, ಹಾಗಾಗಿ ಪ್ರತಿ ಗೋಡೆಯನ್ನೂ ಬೇರೆ ಬೇರೆಯಾಗಿ ಬದಲಿಸಬಹುದಿತ್ತು. ಗೋಡೆಯ ಚಿತ್ರಕ್ಕೆ ನಿಜವಾದ ಗೋಡೆ ಬೇಕು, ಅದರ ಮೇಲೆ ನೆರಳು ಬಿದ್ದಿರಬಾರದು. ನೆರಳಿದ್ದರೆ ಆಟದ ಸೂರ್ಯ ಒಂದು ಕಡೆ, ಗೋಡೆಯ ಸೂರ್ಯ ಇನ್ನೊಂದು ಕಡೆ. ಹಾಗಾಗಿ ಮೋಡ ಕವಿದ ದಿನ ನೋಡಿ, ಕ್ಯಾಮೆರಾ ಹಿಡಿದು ಅತ್ತಿಗುಪ್ಪೆಯ ಹಳೇ ಊರಿನ ಓಣಿಗಳಿಗೆ ಹೋಗುತ್ತಿದ್ದೆ. ಅಳತೆಗೆ ಕಡಿದ ಸೈಜುಗಲ್ಲಿನ ಗೋಡೆಗಳು ಅಲ್ಲಿ ಇನ್ನೂ ಉಳಿದಿದ್ದವು. ಮನೆಗೆ ಬಂದು ಚಿತ್ರದ ಎಡ ಅಂಚು ಬಲ ಅಂಚಿಗೆ, ಮೇಲಂಚು ಕೆಳಗಿನದಕ್ಕೆ ಕೂಡುವಂತೆ ತಿದ್ದಬೇಕು. ಸಾಲಾಗಿ ಜೋಡಿಸಿದಾಗ ಬೆಸುಗೆ ಕಾಣಬಾರದು. ಒಂದು ಗೋಡೆಗೆ ಮೂರು ಸಂಜೆ ಹಿಡಿಯುತ್ತಿತ್ತು.

ಒಂದು ದಿನ ಜಗಲಿಯಲ್ಲಿ ಸೊಪ್ಪು ಬಿಡಿಸುತ್ತಿದ್ದ ಮುದುಕಿಯೊಬ್ಬರು ಎದ್ದು ಬಂದರು.

"ಯಾರಮ್ಮಾ ನೀನು? ಕಾರ್ಪೊರೇಷನ್ನೋಳಾ?"

"ಅಲ್ಲ ಅಜ್ಜಿ."

"ಮತ್ಯಾಕೆ ಗೋಡೆ ಫೋಟೋ ಹಿಡೀತಿದೀಯ? ರೋಡ್ ಅಗಲ ಮಾಡಕ್ಕೆ ತಾನೆ? ಮೊನ್ನೆ ಇಬ್ರು ಬಂದು ಆ ಮೂಲೆ ಮನೆಗೆ ಕೆಂಪು ಬಣ್ಣ ಬಳ್ದು ಹೋದ್ರು."

"ಇಲ್ಲ ಅಜ್ಜಿ, ಗೋಡೆ ಚೆನ್ನಾಗಿದೆ ಅಂತ ತೆಗೀತಿದೀನಿ."

"ಚೆನ್ನಾಗೈತಾ? ಅಲ್ಲ ಕಣಮ್ಮ, ಗೋಡೆ ಚೆನ್ನಾಗೈತೆ ಅಂತ ಯಾರಾದ್ರೂ ಫೋಟೋ ಹಿಡೀತಾರಾ? ಇರು, ನನ್ ಮಗನ್ನ ಕರೀತೀನಿ."

ಮಗ ಬರುವ ಮೊದಲೇ ಫೋಟೋ ತೆಗೆದುಕೊಂಡು ಹೊರಟೆ. ಆ ವರ್ಷ ನನ್ನ ಕೆಲಸದ ಬಗ್ಗೆ ಯಾರಾದರೂ ಕೇಳಿದ ಪ್ರಶ್ನೆಗಳಲ್ಲಿ ಬುದ್ಧಿ ಇದ್ದದ್ದು ಅದೊಂದೇ.

ಎಂಟು ತಿಂಗಳಲ್ಲಿ ಬಂದರಿನ ಊರಿನ ಪಶ್ಚಿಮದ ಓಣಿಗಳೆಲ್ಲ ಮುಗಿದವು. ಪೂರ್ವದ ಓಣಿಗಳಿಗೆ ಬೇಕಾದ ಫೋಟೋಗಳು ಸಿದ್ಧವಿದ್ದವು. ಪೂರ್ತಿಯಾಗದೆ ಯಾರಿಗೂ ತೋರಿಸಬಾರದು ಎಂದುಕೊಂಡಿದ್ದೆ. ಮನೆಯವರಿಗೆ ನಾನು ಕಂಪ್ಯೂಟರಿನಲ್ಲಿ ಓದುತ್ತಿದ್ದೇನೆ ಎಂಬ ನಂಬಿಕೆ ಇತ್ತು. ನಾನೂ ತಿದ್ದಲಿಲ್ಲ.

ಗೋವಿಂದರಾಜನಗರದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ದೊಡ್ಡಮ್ಮನ ಮಗ ನಮ್ಮ ಬಂಧುಬಳಗದ ಕಂಪ್ಯೂಟರುಗಳಿಗೆಲ್ಲ ವೈದ್ಯ. ಅವನ ಬಳಿ ಇದ್ದದ್ದು ಒಂದೇ ಮದ್ದು. ಪ್ರಿಂಟರ್ ಕೆಲಸ ಮಾಡದಿದ್ದರೂ, ಸ್ಪೀಕರ್ ಗೊರಗೊರ ಎಂದರೂ, "ಫಾರ್ಮ್ಯಾಟ್ ಹೊಡೆದ್ಬಿಡೋಣ" ಎನ್ನುತ್ತಿದ್ದ. ಆಮೇಲೆ ಎಲ್ಲ ಅಳಿಸಿ ಹೋದ ಖಾಲಿ ಕಂಪ್ಯೂಟರನ್ನು ತೋರಿಸಿ, "ನೋಡಿ ಚಿಕ್ಕಮ್ಮ, ಎಷ್ಟು ಫಾಸ್ಟಾಯ್ತು" ಎನ್ನುತ್ತಿದ್ದ. ನನ್ನ ಫೋಟೋಗಳ ಇನ್ನೊಂದು ಪ್ರತಿಯನ್ನು ಅವನ ಅಂಗಡಿಯಲ್ಲಿಡುವ ಮಾತೇ ಇರಲಿಲ್ಲ. ಒಂದು ಸಿ.ಡಿ.ಗೆ ಬರೆದು ಮೇಜಿನ ಮೇಲೆ ಇಟ್ಟುಕೊಂಡಿದ್ದೆ.

ಆಯುಧಪೂಜೆಯ ದಿನ ಅಮ್ಮ ಕಂಪ್ಯೂಟರನ್ನು ಒರೆಸಿ, ಡಬ್ಬಕ್ಕೆ ವಿಭೂತಿ ಪಟ್ಟೆ ಬಳಿದು, ಸೇವಂತಿಗೆ ಏರಿಸಿ, ಕಡಲೆಪುರಿ ಇಟ್ಟರು. ಮೇಜಿನ ಮೇಲಿದ್ದ ಸಿ.ಡಿ.ಯನ್ನೂ ಬಿಡಲಿಲ್ಲ. ನನ್ನ ಕೈಬರಹವಿದ್ದ ಬದಿ ಬೆನ್ನು, ಹೊಳೆಯುವ ಬದಿ ಮುಖ ಎಂದು ಅವರು ತಿಳಿದರು. ಡ್ರೈವ್ ಓದುವುದು ಆ ಮುಖವನ್ನೇ. ಅದಕ್ಕೆ ಗಂಧ ಹಚ್ಚಿ ಕುಂಕುಮ ಇಟ್ಟರು. ನಾನು ಆಗ ಪೂಜೆಯ ಕೋಣೆಯಿಂದ ಆದಷ್ಟು ದೂರ ಕೂತು ಪುಸ್ತಕ ಓದುತ್ತಿದ್ದೆ.

ನಾಲ್ಕು ದಿನದ ನಂತರ ಯೂನಿವರ್ಸಿಟಿಯಿಂದ ಬಂದಾಗ ಆ ಅಂಗಡಿಯ ಅಣ್ಣ ನಮ್ಮ ಮನೆಯಲ್ಲಿ ಕಾಫಿ ಕುಡಿಯುತ್ತಿದ್ದ. ಕಂಪ್ಯೂಟರ್ ಹ್ಯಾಂಗ್ ಆಯಿತೆಂದು ಅಮ್ಮ ಅವನಿಗೆ ಫೋನ್ ಮಾಡಿದ್ದರು.

"ಹೊಸದರ ಥರ ಮಾಡ್ಕೊಟ್ಟಿದೀನಿ ನೋಡು."

"ಡಿ ಡ್ರೈವ್?" ಗೋಡೆಯ ಫೋಟೋಗಳನ್ನೆಲ್ಲ ನಾನು ಅದರಲ್ಲಿಟ್ಟಿದ್ದೆ.

"ಅದ್ನೂ ಹೊಡೆದೆ. ಏನಿತ್ತೇ ಅದ್ರಲ್ಲಿ, ಬರೀ ಗೋಡೆ! ನೂರಾರು ಗೋಡೆ. ಯಾವ್ದೋ ವೈರಸ್ ಅಂದ್ಕೊಂಡೆ."

"ಒಂದು ಮಾತು ಕೇಳಬಹುದಿತ್ತು."

"ಫೋಟೋ ಎಲ್ಲಾ ಉಳಿಸಿದೀನಮ್ಮಾ. ಗೃಹಪ್ರವೇಶದ್ದು, ತಿರುಪತಿದು. ಮನುಷ್ರಿರೋದೆಲ್ಲ ಹಾಗೇ ಇದೆ."

ಸಿ.ಡಿ. ತೆಗೆದು ನೋಡಿದೆ. ಗಂಧ ಒಣಗಿ ಕಲ್ಲಾಗಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿದಷ್ಟೂ ಗೀರು ಬಿದ್ದವು. ಡ್ರೈವಿಗೆ ಹಾಕಿದರೆ ಎರಡು ನಿಮಿಷ ಗಿರಗಿರ ಸುತ್ತಿ, ಒಳಗೆ ಏನೂ ಇಲ್ಲವೆಂದು ಹೇಳಿತು. ಅಮ್ಮನಿಗೆ ನಾನು ಏನೂ ಹೇಳಲಿಲ್ಲ. ಹೇಳಿದ್ದರೆ ಎಂಟು ತಿಂಗಳು ಏನು ಓದಿದೆ ಎಂದು ಮೊದಲು ಹೇಳಬೇಕಾಗುತ್ತಿತ್ತು.

ಎರಡು ವಾರ ಕಂಪ್ಯೂಟರ್ ಮುಟ್ಟಲಿಲ್ಲ. ಅಳಿಸಿದ್ದನ್ನು ಮರಳಿ ತೆಗೆಯುವ ಸಾಫ್ಟ್‌ವೇರ್ ಇರುತ್ತದೆಂದು ಗೊತ್ತಿತ್ತು. ಅದು ಇದ್ದರೆ ಅವನ ಅಂಗಡಿಯಲ್ಲೇ. ಅವನನ್ನು ಕೇಳುವುದಕ್ಕಿಂತ ಎಂಟು ತಿಂಗಳು ಕಳೆದುಕೊಳ್ಳುವುದೇ ಮೇಲು ಎಂದು ಹದಿಮೂರು ದಿನ ಅನ್ನಿಸಿತು. ಹದಿನಾಲ್ಕನೇ ದಿನ ಹೋದೆ.

ಅಂಗಡಿಯ ಮುಂದೆ, ರಸ್ತೆಗೆ ಮುಖ ಮಾಡಿ ಇಟ್ಟಿದ್ದ ದೊಡ್ಡ ಮಾನಿಟರಿನಲ್ಲಿ ನನ್ನ ಊರು ಇತ್ತು.

ಅದೇ ಸೈಜುಗಲ್ಲು. ಅದೇ ಪಶ್ಚಿಮದ ಓಣಿ. ಆಟದ ಚಿತ್ರಗಳನ್ನು ಚೆನ್ನಾಗಿ ಮೂಡಿಸುವ ಹೊಸ ಗ್ರಾಫಿಕ್ಸ್ ಕಾರ್ಡು ಮಾರಲು ಅಣ್ಣ ಅದನ್ನು ಒಬ್ಬ ಗಿರಾಕಿಗೆ ತೋರಿಸುತ್ತಿದ್ದ. ಗಿರಾಕಿ ನನ್ನ ವಯಸ್ಸಿನವನೇ. ಮಾತು ಹುಬ್ಬಳ್ಳಿ ಕಡೆಯದು, ಕುತ್ತಿಗೆಯಲ್ಲಿ ಆಫೀಸಿನ ಬ್ಯಾಡ್ಜು.

"ನೋಡಿ ಸಾರ್, ಕಲ್ಲು ನೋಡಿ. ಒಂದೊಂದು ಕಲ್ಲೂ ಬೇರೆ ಬೇರೆ ಕಾಣ್ತಿದೆ ಅಲ್ವಾ? ನಿಮ್ಮ ಹಳೇ ಕಾರ್ಡಲ್ಲಿ ಇದು ಬರಲ್ಲ. ಎಲ್ಲಾ ಈ ಕಾರ್ಡ್ ಮಹಿಮೆ."

"ಹೌದ್ರೀ. ಖರೇ ಗ್ವಾಡಿ ಇದ್ದಂಗ ಐತಿ."

ಏನಾಗಿದೆಯೆಂದು ಕೂಡಲೇ ತಿಳಿಯಿತು. ಅವನಂಥವರು ಯಾವ ಮನೆಯ ಕಂಪ್ಯೂಟರ್ ಅಳಿಸುವ ಮೊದಲೂ ಅದರಲ್ಲಿರುವ ಆಟಗಳನ್ನು ತಮ್ಮ ಹಾರ್ಡ್ ಡಿಸ್ಕಿಗೆ ತುಂಬಿಕೊಳ್ಳುತ್ತಾರೆ. ಕಂಪ್ಯೂಟರಿನಲ್ಲಿ ಉಳಿಸಬೇಕಾದ್ದು ಅದೊಂದೇ ಎಂಬುದು ಅವರ ತಿಳಿವಳಿಕೆ. ಹೀಗೆ ನನ್ನ ಆಟವನ್ನೂ ತುಂಬಿಕೊಂಡಿದ್ದ. ನಾನು ಮುಗಿಸಿದ್ದ ಗೋಡೆಗಳು ಆಟದ ಫೋಲ್ಡರಿನಲ್ಲೇ ಇದ್ದವು. ಪೂರ್ವಕ್ಕೆಂದು ತೆಗೆದಿದ್ದ ಫೋಟೋಗಳು ಮಾತ್ರ ಹೋಗಿದ್ದವು. ನನ್ನ ಎಂಟು ತಿಂಗಳಿಗೆ ಈಗ ಒಂದು ಗ್ರಾಫಿಕ್ಸ್ ಕಾರ್ಡು ಹೊಗಳಿಸಿಕೊಳ್ಳುತ್ತಿತ್ತು.

ಹಿಂದಿರುಗಿ ಹೋಗಿ, ಸಂಜೆ ಫೋನಿನಲ್ಲಿ ಫೋಲ್ಡರ್ ಕೇಳಿ ಪಡೆಯಬಹುದಿತ್ತು. ನನ್ನ ಸ್ವಭಾವಕ್ಕೆ ಅದೇ ಸರಿ.

"ಅದು ಕಾರ್ಡಿಂದ ಬಂದಿದ್ದಲ್ಲ. ನಾನು ಮಾಡಿದ್ದು," ಎಂದೆ.

ಅಣ್ಣ ತಿರುಗಿದ. "ಏನೇ ನೀನು, ಯಾವಾಗ್ ಬಂದೆ? ಸಾರ್, ನಮ್ ಚಿಕ್ಕಮ್ಮನ ಮಗಳು. ತಮಾಷೆ ಮಾಡ್ತಾಳೆ."

ಸ್ಟೂಲ್ ಎಳೆದು ಕೂತೆ. ಆಟ ಮುಚ್ಚಿ, ನನ್ನ ಫೋಲ್ಡರನ್ನು ಬದಿಗೆ ಸರಿಸಿ, ಮತ್ತೆ ತೆರೆದೆ. ಅದೇ ಕಾರ್ಡು, ಅದೇ ಓಣಿ. ನಾಲ್ಕು ಹೆಜ್ಜೆಗೊಮ್ಮೆ ಅದೇ ಪಾಚಿಯ ಕಲೆ. ಮತ್ತೆ ಮುಚ್ಚಿ, ಫೋಲ್ಡರ್ ವಾಪಸ್ ಇಟ್ಟು, ತೆರೆದೆ. ಕಲ್ಲುಗಳು ಬಂದವು.

ಗಿರಾಕಿ ಬಗ್ಗಿ ನೋಡಿದ. "ಅಂದ್ರ ಕಾರ್ಡ್ ಅದ ಐತಿ, ಗ್ವಾಡಿ ಅಷ್ಟ ಬದಲಾತು?"

"ಹೌದು."

"ಹಂಗಾದ್ರ ಕಾರ್ಡ್ ಯಾಕ್ ಬೇಕ್ರಿ ನನಗ? ಆ ಫೋಲ್ಡರ್ ಅಷ್ಟ ಕೊಡ್ರಲಾ."

"ಸಾರ್, ಸಾರ್, ಅದೇ ಬೇರೆ, ಇದೇ ಬೇರೆ," ಎಂದು ಅಣ್ಣ ನಡುವೆ ಬಂದ. ಆಮೇಲೆ ದನಿ ತಗ್ಗಿಸಿ ನನ್ನ ಕಿವಿಯ ಹತ್ತಿರ, "ವ್ಯಾಪಾರ ಕೆಡಿಸ್ಬಿಟ್ಯಲ್ಲೇ. ನಿಂದು ಅಂತ ಮೊದ್ಲೇ ಬಾಯ್ಬಿಟ್ಟಿದ್ರೆ ನಿನ್ನ ಗಂಟೇನ್ ಹೋಗ್ತಿತ್ತು?"

"ಎರಡು ಸಿ.ಡಿ. ಕೊಡು ಅಣ್ಣ. ಹೊಸದು."

ಅವನು ಗೊಣಗುತ್ತ ಕೊಟ್ಟ. ಎರಡಕ್ಕೂ ಬರೆದು, ನನ್ನ ಪ್ರತಿಯಲ್ಲಿದ್ದ ಚಿತ್ರಗಳನ್ನು ಒಂದೊಂದಾಗಿ ತೆರೆದು ನೋಡಿದೆ. ಅರ್ಧ ಗಂಟೆಯ ಮೇಲಾಯಿತು. ಅಣ್ಣ ಬೇಕೆಂದೇ ಫ್ಯಾನ್ ಆರಿಸಿದ. ಗಿರಾಕಿ ಹೋಗಲಿಲ್ಲ, ಗೋಡೆಗೆ ಒರಗಿ ಪ್ರತಿಯೊಂದು ಚಿತ್ರವನ್ನೂ ನೋಡುತ್ತಿದ್ದ.

"ಇದು ಪೂರ್ತಿಯಾಗಿಲ್ಲ," ಎಂದು ಅವನಿಗೆ ಹೇಳಿದೆ. "ಸಂತೆಯಿಂದ ಆಚೆ, ಪೂರ್ವದ ಕಡೆಯೆಲ್ಲ ಹಳೇ ಗೋಡೆಗಳೇ ಇವೆ. ಅದರ ಫೋಟೋ ಉಳಿದಿಲ್ಲ."

"ಇರ್ಲಿ ಬಿಡ್ರಿ," ಎಂದ. "ನಾ ಆ ಕಡೆ ಹೋಗಂಗಿಲ್ಲ."

ಅದು ಅಸಡ್ಡೆಯ ಮಾತೋ ದೊಡ್ಡ ಮನಸ್ಸಿನದೋ ಗೊತ್ತಾಗಲಿಲ್ಲ. ಅಣ್ಣನ ಮೇಜಿನ ಮೇಲಿದ್ದ ಮಾರ್ಕರ್ ತೆಗೆದುಕೊಂಡು ಎರಡನೇ ಸಿ.ಡಿ.ಯ ಮೇಲೆ 'ಪೂರ್ವದ ಓಣಿಗಳು ಬಾಕಿ' ಎಂದು ಬರೆದೆ. ಶಾಯಿ ಒಣಗುವವರೆಗೆ ಕಾದು ಅವನ ಕೈಗೆ ಕೊಟ್ಟೆ.